ನಾಲ್ಕು ರಸ್ತೆಯವರೆಗೆ ಒಬ್ಬನೇ

ನಾನು ಕ್ಷೌರದ ಕೆಲಸದವನು. ಓದಿದ್ದು ಎರಡನೇ ಕ್ಲಾಸು. ಅಕ್ಷರ ಕೂಡಿಸಿಕೊಂಡು ಓದುತ್ತೇನೆ, ಬರೆಯಲು ಕೂತರೆ ಸಾಲು ಮೇಲಕ್ಕೆ ಹತ್ತಿಕೊಂಡು ಹೋಗುತ್ತದೆ. ಆದರೆ ಒಮ್ಮೆ ನನ್ನ ಕುರ್ಚಿಯಲ್ಲಿ ಕೂತ ತಲೆಯನ್ನು ಮರೆಯುವುದಿಲ್ಲ. ಸುಳಿ ಎಲ್ಲಿ, ಕಿವಿಯ ಹಿಂದೆ ಹಳೆ ಗಾಯದ ಗುರುತು ಎಲ್ಲಿ, ನಲವತ್ತು ವರ್ಷದ ಹಿಂದಿನದನ್ನೂ ಹೇಳಬಲ್ಲೆ. ಹೆಸರು ಕೇಳಿದರೆ ಮಾತ್ರ ತಡವರಿಸುತ್ತೇನೆ.

ಮಗ ಸೈನ್ಯದಿಂದ ಬಂದು ಆರು ವರ್ಷವಾಯಿತು. ಅವನಿದ್ದ ಗಾಡಿಯ ಕೆಳಗೆ ನೆಲದಲ್ಲಿ ಹೂತಿಟ್ಟ ಬಾಂಬು ಸಿಡಿದಿತ್ತು. ಜೊತೆಯಲ್ಲಿದ್ದ ನಾಲ್ವರಲ್ಲಿ ಇಬ್ಬರು ಅಲ್ಲೇ ಹೋದರು. ನಮ್ಮವನು ಕೈಕಾಲು ಎಲ್ಲ ಇಟ್ಟುಕೊಂಡೇ ಬಂದ. ಬೀದಿಯವರು ಬಂದು ನೋಡಿ, ಪುಣ್ಯಾತ್ಮ, ಒಂದು ಬೆರಳೂ ಕಳಕೊಂಡಿಲ್ಲ ಅಂದರು. ನಾನೂ ಹಾಗೇ ಅಂದುಕೊಂಡೆ. ಮಾರನೆಯ ದಿನ ಅವನನ್ನು ನನ್ನ ಅಂಗಡಿಯ ಕುರ್ಚಿಯಲ್ಲಿ ಕೂರಿಸಿ ಬಟ್ಟೆ ಹೊದಿಸಿದೆ. ಹುಟ್ಟಿದಾಗಿನಿಂದ ಅವನು ಆಡಿ ಬೆಳೆದ ಅಂಗಡಿ ಅದು, ಹಿಂದಿನ ಬಾಗಿಲು ದಾಟಿದರೆ ಮನೆ. ಅವನು ಕನ್ನಡಿ ನೋಡಿದ, ಗೋಡೆ ನೋಡಿದ, ಆಮೇಲೆ ನನ್ನನ್ನು ಕೇಳಿದ: "ಇದು ಯಾರ ಅಂಗಡಿ?"

ನನ್ನ ಕೈಯಲ್ಲಿ ಕತ್ತರಿ ಹಾಗೇ ನಿಂತಿತು. ಸ್ವಲ್ಪ ಹೊತ್ತಿಗೆ ಅವನೇ ನಕ್ಕ. "ತಮಾಷೆ ಮಾಡಿದೆ ಅಪ್ಪ" ಅಂದ. ನಾನೂ ನಕ್ಕೆ. ಅಂದಿನಿಂದ ನಮ್ಮಿಬ್ಬರ ನಡುವೆ ಈ ನಾಟಕ ಶುರುವಾಯಿತು.

ಬಲಗೈಯ ಮೂರು ಬೆರಳಿಗೆ ಮುಟ್ಟಿದ್ದು ತಿಳಿಯುವುದಿಲ್ಲ. ಗುಂಡಿ ಹಾಕಲು, ಬೂಟಿನ ಲೇಸು ಕಟ್ಟಲು, ರೇಜರ್ ಹಿಡಿಯಲು ಆಗದು. ಎಡಗಿವಿ ಪೂರ್ತಿ ಹೋಗಿದೆ. ಅದೆಲ್ಲ ಇರಲಿ, ಅದಕ್ಕೆ ನಾನಿದ್ದೆ. ದೊಡ್ಡದು ದಾರಿಯ ಸಂಗತಿ. ನಡೆಯುತ್ತಾ ನಡೆಯುತ್ತಾ, ಗೊತ್ತಿರುವ ಬೀದಿಯೇ ಅವನಿಗೆ ಇದ್ದಕ್ಕಿದ್ದಂತೆ ಬೇರೆ ಊರಿನ ಬೀದಿ ಆಗಿಬಿಡುತ್ತಿತ್ತು.

ಆದರೂ ಅವನು ದಿನಾ ಸಂಜೆ ಐದಕ್ಕೆ ನಡೆಯಲು ಹೋಗುತ್ತಿದ್ದ. ನಮ್ಮ ಅಂಗಡಿಯಿಂದ ಹೊರಟು, ನಾಲ್ಕು ರಸ್ತೆ ಕೂಡುವ ಕಡೆ ಇರುವ ಅಂಚೆ ಡಬ್ಬಿಯನ್ನು ಮುಟ್ಟಿ ವಾಪಸ್ಸು ಬರುವುದು. ಸೈನ್ಯದಲ್ಲಿ ಮೈಲುಗಟ್ಟಲೆ ಹೊರೆ ಹೊತ್ತು ನಡೆದವನಿಗೆ ಅದೊಂದು ನಡಿಗೆಯೇ? ಆದರೆ ದಿನವಿಡೀ ಅವನು ಒಬ್ಬನೇ ಮಾಡುವ ಕೆಲಸ ಅಂತ ಇದ್ದದ್ದು ಅದೊಂದೇ. ಬಂದು ಹೊಸ್ತಿಲಲ್ಲಿ ನಿಂತು "ಹೋಗ್ಬಂದೆ ಅಪ್ಪ" ಅನ್ನುವಾಗ ಅವನ ಕುತ್ತಿಗೆ ನೆಟ್ಟಗಾಗುತ್ತಿತ್ತು.

ಎರಡನೇ ವಾರವೋ ಏನೋ, ಹೊರಟು ಮೂರು ತಾಸಾದರೂ ಬರಲಿಲ್ಲ. ಸೈಕಲ್ ರಿಪೇರಿಯವನು ಹುಡುಕಿಕೊಂಡು ಹೋದಾಗ ಇನ್ನೊಂದು ಬಡಾವಣೆಯ ಬಸ್ ನಿಲ್ದಾಣದಲ್ಲಿ, ಕೈ ತೊಡೆಯ ಮೇಲಿಟ್ಟುಕೊಂಡು ಕೂತಿದ್ದನಂತೆ. ಮನೆಗೆ ಬಂದವನು "ಹಳೇ ಸ್ನೇಹಿತ ಸಿಕ್ಕಿದ್ದ, ಮಾತಾಡ್ತಾ ಹೊತ್ತಾಯ್ತು" ಅಂದ. "ಹೌದಾ, ಊಟ ಮಾಡು" ಅಂದೆ.

ಮರುದಿನ ನಾನು ದಾರಿಯುದ್ದಕ್ಕೂ ಒಂದು ಏರ್ಪಾಡು ಮಾಡಿದೆ. ಐದು ಜನರ ಹತ್ತಿರ ಹೋಗಿ ಕೇಳಿಕೊಂಡೆ. ಸೈಕಲ್ ರಿಪೇರಿಯವನು, ಟೀ ಅಂಗಡಿಯವನು, ದರ್ಜಿ, ಔಷಧಿ ಅಂಗಡಿಯವನು, ತಿರುವಿನಲ್ಲಿ ಇಸ್ತ್ರಿ ಗಾಡಿ ಇಟ್ಟುಕೊಂಡವಳು. ಇಸ್ತ್ರಿಯವಳು ಬಿಟ್ಟು ನಾಲ್ವರೂ ನನ್ನ ಗಿರಾಕಿಗಳು. ಅವಳ ಗಂಡನ ತಲೆ ನನ್ನದೇ. ಮಗ ಹೋಗುವಾಗ ಬರುವಾಗ ಒಬ್ಬೊಬ್ಬರು ಒಂದೊಂದು ನೆಪ. ಸೈಕಲ್‌ನವನು "ಮಿಲಿಟ್ರಿ, ಸ್ವಲ್ಪ ಈ ಚಕ್ರ ಹಿಡ್ಕೊಳ್ಳಿ, ನಿಮ್ಮ ಕೈಯಲ್ಲಿ ಬಲ ಇದೆ" ಅನ್ನುತ್ತಿದ್ದ. ದರ್ಜಿ ಬಾಗಿಲಿಗೆ ಬಂದು, ಅಂಚೆ ಡಬ್ಬಿಗೆ ಹಾಕಿಬಿಡಿ ಅಂತ ಖಾಲಿ ಲಕೋಟೆ ಕೊಡುತ್ತಿದ್ದ. ಇಸ್ತ್ರಿಯವಳು ನನ್ನ ಅಂಗಡಿಯ ಬಿಳಿ ಬಟ್ಟೆಗಳನ್ನು ಮಡಿಸಿ ಕೈಗಿತ್ತು, "ಅಣ್ಣ, ಇದನ್ನ ಅಪ್ಪನ ಅಂಗಡಿಗೆ ಮುಟ್ಟಿಸಿಬಿಡಿ, ಇಗೋ ಹೀಗೆ ನೇರ ಹೋಗ್ತೀರಲ್ಲ" ಅಂತ ದಾರಿಯನ್ನೂ ಕೈಗಿಡುತ್ತಿದ್ದಳು. ಐದು ವರ್ಷ ಹಾಗೇ ನಡೆಯಿತು. ಒಬ್ಬರೂ ಬಾಯಿ ಬಿಡಲಿಲ್ಲ. ನನ್ನ ಮಗನ ಲೆಕ್ಕದಲ್ಲಿ ಅವನು ಒಬ್ಬನೇ ಹೋಗಿ ಬರುತ್ತಿದ್ದ.

ಆಮೇಲೆ ನನ್ನ ಕೈ ನಡುಗಲು ಶುರುವಾಯಿತು. ಮೊದಲು ಬೆಳಿಗ್ಗೆ ಹೊತ್ತು ಮಾತ್ರ, ಆಮೇಲೆ ಯಾವಾಗ ಬೇಕಾದರೂ. ಒಬ್ಬ ಗಿರಾಕಿಯ ಗಲ್ಲದ ಮೇಲೆ ರಕ್ತ ಬಂದ ದಿನ ನನಗೆ ಹೊಳೆದದ್ದು ಅಂಗಡಿಯ ಚಿಂತೆ ಅಲ್ಲ. ನಾನು ಹೋದ ಮೇಲೆ ಇವನ ಗುಂಡಿ ಹಾಕುವವರು ಯಾರು, ಇವನ ದಾರಿ ಕಾಯುವವರು ಯಾರು. ಮಗಳು ಪಕ್ಕದ ಬೀದಿಯಲ್ಲೇ ಇದ್ದಾಳೆ, ಆದರೆ ಅವಳ ಅತ್ತೆ ಹಾಸಿಗೆ ಹಿಡಿದಿದ್ದಾಳೆ. ಒಂದು ಮನೆಗೆ ಒಬ್ಬ ರೋಗಿಯೇ ಸಾಕು.

ಮಗಳೇ ಸುದ್ದಿ ತಂದಳು. ಗಾಯವಾದ ಸೈನಿಕನಿಗೆ ಸಹಾಯಕನ ಭತ್ಯೆ ಅಂತ ಒಂದಿದೆ, ಬೇರೆಯವರ ನೆರವಿಲ್ಲದೆ ಇರಲಾರದವನಿಗೆ ಸರ್ಕಾರವೇ ಆಳಿನ ಖರ್ಚು ಕೊಡುತ್ತದೆ, ಜೀವ ಇರುವವರೆಗೂ. ಅರ್ಜಿ ಅವಳೇ ತುಂಬಿದಳು. ವೈದ್ಯರ ಮಂಡಳಿಯ ಮುಂದೆ ಬರಬೇಕು ಅಂತ ದಿನಾಂಕ ಬಂತು.

ಆ ಬೆಳಿಗ್ಗೆ ನಾನು ನನ್ನ ವಿದ್ಯೆಯನ್ನೆಲ್ಲ ಅವನ ಮೇಲೆ ಸುರಿದೆ. ಹೋಗುತ್ತಿರುವುದು ಸೈನ್ಯದ ಸಾಹೇಬರ ಮುಂದೆ. ಎರಡು ಸಲ ನೊರೆ ಹಚ್ಚಿ, ಹೊಸ ಬ್ಲೇಡು ಹಾಕಿ, ಕೈ ನಡುಗದ ಹೊತ್ತು ನೋಡಿಕೊಂಡು ಗಲ್ಲ ನುಣ್ಣಗೆ ಮಾಡಿದೆ. ಉರಿ ಆರಲು ಪಟಿಕ ತೀಡಿದೆ. ಕೂದಲನ್ನು ಸೈನ್ಯದ ಅಳತೆಗೆ ತಂದೆ. ಇಸ್ತ್ರಿಯವಳು ಅಂಗಿಯ ತೋಳನ್ನು ಕತ್ತಿಯ ಹಾಗೆ ಮಡಿಸಿ ಕೊಟ್ಟಳು. ಗುಂಡಿ ನಾನು ಹಾಕಿದೆ, ಲೇಸು ನಾನು ಕಟ್ಟಿದೆ. ಎಷ್ಟೋ ಮನೆಗಳಿಗೆ ಮದುಮಗನನ್ನು ಸಿಂಗರಿಸಿ ಕೊಟ್ಟವನು ನಾನು. ನನ್ನ ಮಗನಿಗೆ ಮದುವೆ ಆಗಲಿಲ್ಲ, ಆ ಆಸೆಯೂ ಸ್ವಲ್ಪ ಸೇರಿಕೊಂಡಿತ್ತೋ ಏನೋ.

ನನ್ನನ್ನು ಒಳಗೆ ಬಿಡಲಿಲ್ಲ. ಹತ್ತು ನಿಮಿಷಕ್ಕೆ ಅವನು ಹೊರಗೆ ಬಂದ.

"ಏನಂದ್ರು?"

"ಹೇಗಿದ್ದೀಯ ಅಂದ್ರು. ಚೆನ್ನಾಗಿದ್ದೀನಿ ಸರ್ ಅಂದೆ."

"ಅಷ್ಟೇನಾ?"

"ಇನ್ನೇನನ್ಬೇಕಿತ್ತು? ಸಾಹೇಬ್ರು ಕೇಳಿದ್ರೆ ಬೇರೆ ಏನಾದ್ರೂ ಹೇಳೋಕಾಗುತ್ತಾ? ಅಪ್ಪ, ಒಬ್ಬರು ಡಾಕ್ಟ್ರು ಯಾವ ಅಂಗಡೀಲಿ ಕಟಿಂಗು ಅಂತ ಕೇಳಿದ್ರು."

ನಾನು ಆ ಮಾತಿಗೆ ಬೀಗಿದೆ. ದೇವರಾಣೆ, ಬೀಗಿದೆ.

ನಾಲ್ಕು ತಿಂಗಳಿಗೆ ಪತ್ರ ಬಂತು. ಮಗಳು ಅಂಗಡಿಯ ಬೆಂಚಿನ ಮೇಲೆ ಕೂತು ಓದಿದಳು. "ಅರ್ಜಿದಾರರು ನುಣುಪಾಗಿ ಕ್ಷೌರ ಮಾಡಿಕೊಂಡು, ಗುಂಡಿ ಹಾಕಿದ ಅಂಗಿ ಹಾಗೂ ಲೇಸು ಬಿಗಿದ ಬೂಟು ಧರಿಸಿ ಹಾಜರಾಗಿದ್ದರು. ನಿಲುವು ನೇರವಾಗಿತ್ತು. ಬಲಗೈಯ ಚಲನೆ ಸಮಾಧಾನಕರ. ಸ್ವಂತ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ಸಮರ್ಥರು. ಸಹಾಯಕರ ಅಗತ್ಯ ಕಂಡುಬರುವುದಿಲ್ಲ."

"ಮತ್ತೊಂದು ಸಲ ಓದಮ್ಮ" ಅಂದೆ.

ಓದಿದಳು. ಆ ಕಾಗದದಲ್ಲಿ ನನ್ನ ಮಗ ಎಲ್ಲೂ ಇರಲಿಲ್ಲ. ಗಲ್ಲ, ಗುಂಡಿ, ಲೇಸು, ಎಲ್ಲ ನನ್ನ ಕೈಕೆಲಸ.

ಹಳೆ ಸೈನಿಕರ ಸಂಘದಲ್ಲಿ, ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಒಬ್ಬ ನಿವೃತ್ತ ಗುಮಾಸ್ತ ಕೂರುತ್ತಾನೆ. ಏನು ಕೇಳಿದರೂ ಮೊದಲು "ಮೂರು ಪ್ರತಿ ತಂದಿದ್ದೀರಾ" ಅನ್ನುವುದರಿಂದ ಅವನ ಹೆಸರೇ ಮೂರು ಪ್ರತಿ ಆಗಿಹೋಗಿದೆ. ಕರೆದರೆ ಓಗೊಡುತ್ತಾನೆ, ಸಿಟ್ಟಿಲ್ಲ. ನಾವು ಮೂವರೂ ಹೋದೆವು.

"ಮೂರು ಪ್ರತಿ ಇದೆಯಾ?"

"ಇದೆ. ನಾವು ಮೂರು ಜನಾನೂ ಇದ್ದೀವಿ, ಸಾಲದಿದ್ರೆ ಹೇಳಿ" ಅಂದಳು ಮಗಳು.

ಅವನು ಕನ್ನಡಕದ ಮೇಲಿಂದ ಅವಳನ್ನು ನೋಡಿ, ಪತ್ರ ಓದಿ, ಕನ್ನಡಕ ತೆಗೆದು ನನ್ನ ಕಡೆ ತಿರುಗಿದ. "ಯಜಮಾನ್ರೇ, ಈ ಶೇವಿಂಗು ಯಾರು ಮಾಡಿದ್ದು?"

"ನಾನೇ."

"ಹಂಗಾದ್ರೆ ಕೇಸು ಸೋಲಿಸಿದ್ದೂ ನೀವೇ. ಬೇಜಾರು ಮಾಡ್ಕೋಬೇಡಿ, ನಮ್ಮವರೆಲ್ಲ ಇದೇ ತಪ್ಪು ಮಾಡೋದು. ಕಾಲಿಲ್ಲದವನೂ ಮಂಡಳಿ ಮುಂದೆ ಸೆಲ್ಯೂಟ್ ಹೊಡೆಯೋಕೆ ನೋಡ್ತಾನೆ." ಅವನು ಮೇಲ್ಮನವಿಯ ಕಾಗದ ಎಳೆದುಕೊಂಡ. "ಈ ಸಲ ನೀವು ಸಾಕ್ಷಿಯಾಗಿ ಒಳಗೆ ಬರ್ತೀರಿ. ಅಲ್ಲೀತನಕ ಇವರ ಗಡ್ಡ ಮುಟ್ಟಕೂಡದು. ಗುಂಡಿ ಇವರೇ ಹಾಕ್ಕೊಳ್ಳಲಿ, ಹೆಂಗೆ ಬರುತ್ತೋ ಹಂಗೆ. ಒಳಗೆ ಹೋದಾಗ ಏನು ಮಾಡಲಾರ ಅನ್ನೋದನ್ನ ಹೇಳಿ, ಏನು ಮಾಡ್ತಾನೆ ಅನ್ನೋದನ್ನ ಬೇಡ. ಇದೇ ಕೊನೇ ಅವಕಾಶ. ಇದೂ ಹೋದ್ರೆ ಫೈಲು ಮುಚ್ತಾರೆ, ಮತ್ತೆ ತೆಗೆಯಲ್ಲ."

ಮಗ ಎಲ್ಲ ಕೇಳಿಸಿಕೊಂಡು "ಆರ್ಡರ್ ಅಂದ್ರೆ ಆರ್ಡರ್" ಅಂದ.

ಮೇಲ್ಮನವಿಯ ದಿನಕ್ಕೆ ಉಳಿದಿದ್ದ ಒಂದು ತಿಂಗಳು ನಾನು ಊರಿನ ಗಡ್ಡಗಳನ್ನೆಲ್ಲ ತೆಗೆದೆ, ಹಿಂದಿನ ಕೋಣೆಯಲ್ಲಿದ್ದ ಒಂದು ಗಡ್ಡ ಬೆಳೆಯುತ್ತಿತ್ತು. ಬೆಳಿಗ್ಗೆ ಅವನು ಅಂಗಿಯ ಜೊತೆ ಗುದ್ದಾಡುವಾಗ ನಾನು ಅಂಗಡಿಗೆ ಬಂದು ತೊಳೆದ ಬಾಚಣಿಗೆಯನ್ನೇ ಮತ್ತೆ ತೊಳೆಯುತ್ತಿದ್ದೆ. ಅವನು ಕನ್ನಡಿಯ ಕಡೆ ನೋಡುವುದನ್ನು ಬಿಟ್ಟ. ಸಂಜೆಯ ನಡಿಗೆಯನ್ನು ಮಾತ್ರ ಬಿಡಲಿಲ್ಲ. "ಹೋಗ್ಬಂದೆ ಅಪ್ಪ" ಅನ್ನುವಾಗ ಆ ಗಡ್ಡದ ನಡುವೆಯೂ ಮುಖ ಬೆಳಗುತ್ತಿತ್ತು.

ಮೇಲ್ಮನವಿಯ ಕೋಣೆ ಉದ್ದವಾಗಿತ್ತು. ಮೇಜಿನ ಆಚೆ ಮೂವರು. ನಡುವೆ ನಿವೃತ್ತ ಸೇನಾಧಿಕಾರಿ, ಒಂದು ಬದಿಗೆ ಡಾಕ್ಟರಮ್ಮ, ಇನ್ನೊಂದು ಬದಿಗೆ ಬರೆದುಕೊಳ್ಳುವ ಹೆಂಗಸು. ಈಚೆ ಮಗ. ಅವನ ಎಡಕ್ಕೆ ನಾನು, ನನ್ನ ಪಕ್ಕದಲ್ಲಿ ಮೂರು ಪ್ರತಿ. ಮಗಳಿಗೆ ಹೊರಗಿನ ಬೆಂಚು.

ಡಾಕ್ಟರಮ್ಮ ಅವನ ಮುಂದೆ ಒಂದು ಅಂಗಿ ಇಟ್ಟು, ಒಂದೇ ಒಂದು ಗುಂಡಿ ಹಾಕಲು ಹೇಳಿದರು. ಅವನು ಶುರು ಮಾಡಿದ. ಗುಂಡಿ ಬೆರಳಿನಿಂದ ಜಾರುತ್ತಿತ್ತು, ಜಾರಿದ್ದು ಅವನಿಗೆ ತಿಳಿಯುತ್ತಿರಲಿಲ್ಲ, ಖಾಲಿ ಬೆರಳನ್ನೇ ತೂತಿಗೆ ನೂಕುತ್ತಿದ್ದ. ನನ್ನ ಕೈ ತಾನಾಗಿ ಮೇಲೆದ್ದಿತು. ಮೂರು ಪ್ರತಿ ಅದನ್ನು ಹಿಡಿದು ನನ್ನ ತೊಡೆಯ ಮೇಲೆ ಒತ್ತಿ ಇಟ್ಟುಕೊಂಡ. ಸಾಕು ಅಂದರು ಡಾಕ್ಟರಮ್ಮ, ಮೆತ್ತಗೆ. ಬೂಟು ನೋಡಿದರು, ಕಿವಿ ನೋಡಿದರು. ಎಲ್ಲ ನಮ್ಮ ಕಡೆಗೆ ವಾಲುತ್ತಿತ್ತು.

ಆಗ ನಡುವಿನ ಅಧಿಕಾರಿ, ಒಳ್ಳೆಯ ಮನುಷ್ಯ, ಸೈನಿಕನೊಂದಿಗೆ ಸೈನಿಕ ಮಾತಾಡುವ ಧಾಟಿಯಲ್ಲಿ ಕೇಳಿದರು: "ಏನಪ್ಪ, ದಿನ ಹೇಗೆ ಕಳೀತೀಯ?"

ಮಗನ ಬೆನ್ನು ನೆಟ್ಟಗಾಯಿತು. "ಸರ್, ದಿನಾ ಸಂಜೆ ಐದಕ್ಕೆ ನಾಲ್ಕು ರಸ್ತೆವರೆಗೂ ನಡೆದು ಹೋಗಿ ಬರ್ತೀನಿ ಸರ್. ಐದು ವರ್ಷದಿಂದ ಒಂದು ದಿನಾನೂ ತಪ್ಪಿಸಿಲ್ಲ."

"ಯಾರ ಜೊತೆ?"

"ಒಬ್ಬನೇ ಸರ್."

"ದಾರಿ ಮರೆಯುತ್ತೆ ಅಂತ ಅರ್ಜೀಲಿದೆಯಲ್ಲ?"

"ಮೊದಮೊದಲು ಹಾಗಾಗಿತ್ತು ಸರ್. ಈಗ ಪೂರ್ತಿ ಸರಿಯಾಗಿದೆ. ಒಬ್ಬನೇ ಹೋಗ್ತೀನಿ, ಒಬ್ಬನೇ ಬರ್ತೀನಿ."

ಅಧಿಕಾರಿ ಡಾಕ್ಟರಮ್ಮನ ಮುಖ ನೋಡಿದರು. ಇನ್ನೊಂದು ಬದಿಯ ಹೆಂಗಸು ಬರೆಯತೊಡಗಿದಳು. ಪೆನ್ನಿನ ಸದ್ದು ನನಗೆ ಕೇಳಿಸುತ್ತಿತ್ತು. ಮೂರು ಪ್ರತಿ ತಲೆ ತಗ್ಗಿಸಿದ. ಆ ಸಾಲು ಮುಗಿದರೆ ಫೈಲು ಮುಚ್ಚುತ್ತದೆ ಅಂತ ಯಾರೂ ನನಗೆ ಹೇಳಬೇಕಾಗಿರಲಿಲ್ಲ. ಆಗ ನಾನು ಸುಮ್ಮನಿದ್ದಿದ್ದರೆ ನನ್ನ ಮಗ ಆ ಕೋಣೆಯಿಂದ ಗೆದ್ದವನ ಹಾಗೆ ಹೊರಗೆ ಬರುತ್ತಿದ್ದ. ನನ್ನ ಕೈ ಪೂರ್ತಿ ನಿಲ್ಲುವ ದಿನದವರೆಗೂ ಬೀಗುತ್ತಿದ್ದ. ಆಮೇಲೆ?

"ಸ್ವಾಮಿ" ಅಂದೆ. ಅವನ ಕಿವುಡು ಕಿವಿ ನನ್ನ ಕಡೆಗಿತ್ತು. ಅದನ್ನೇ ನಂಬಿಕೊಂಡು ಆದಷ್ಟು ತಗ್ಗಿದ ದನಿಯಲ್ಲಿ ಹೇಳಿದೆ: "ಅವನು ಒಬ್ಬನೇ ಹೋಗಲ್ಲ ಸ್ವಾಮಿ."

"ಯಜಮಾನ್ರೇ, ಜೋರಾಗಿ ಹೇಳಿ" ಅಂದರು ಡಾಕ್ಟರಮ್ಮ. "ಸಾಕ್ಷಿ ಹೇಳೋದು ಅರ್ಜಿದಾರರಿಗೂ ಕೇಳಿಸ್ಬೇಕು. ನಿಯಮ ಹಾಗಿದೆ. ಬೇಕಾದ್ರೆ ಈ ಕಡೆ ಬಂದು ನಿಂತ್ಕೊಳ್ಳಿ."

ನಾನು ಎದ್ದು ಅವನ ಬಲಕ್ಕೆ ಹೋಗಿ ನಿಂತೆ. ಅವನು ಕತ್ತೆತ್ತಿ ನನ್ನನ್ನು ನೋಡಿದ. ಅಪ್ಪ ತನ್ನ ಪರವಾಗಿ ಏನೋ ಒಳ್ಳೆಯದು ಹೇಳುತ್ತಾನೆ ಅನ್ನುವ ಹಾಗಿತ್ತು ನೋಟ.

ಹೇಳಿದೆ. ಐದು ಜನರ ಕಸುಬೂ ಹೇಳಿದೆ, ಅವರ ನೆಪಗಳನ್ನೂ ಹೇಳಿದೆ. ಖಾಲಿ ಲಕೋಟೆ, ಚಕ್ರ, ಮಡಿಸಿದ ಬಟ್ಟೆ. ಔಷಧಿ ಅಂಗಡಿಯವನು ಮೂರು ಸಲ ಅವನನ್ನು ಬೇರೆ ರಸ್ತೆಯಿಂದ ತಿರುಗಿಸಿ ತಂದದ್ದು. ಟೀ ಅಂಗಡಿಯವನು ಅಂಗಡಿ ಬಿಟ್ಟು ಹಿಂದೆ ಹಿಂದೆ ನಡೆದದ್ದು. ಆ ಬಸ್ ನಿಲ್ದಾಣದ ಸಂಜೆ, ಇಲ್ಲದ ಸ್ನೇಹಿತ. ಹೆಂಗಸಿನ ಪೆನ್ನು ಬರೆದದ್ದನ್ನು ಹೊಡೆದುಹಾಕಿ ಹೊಸದಾಗಿ ಬರೆಯಿತು. ಅಧಿಕಾರಿ ನಡುವೆ ಒಂದೇ ಪ್ರಶ್ನೆ ಕೇಳಿದರು. "ಇದು ಅವನಿಗೆ ಗೊತ್ತಿರಲಿಲ್ವಾ?"

"ಇಲ್ಲ ಸ್ವಾಮಿ. ಈಗ ಗೊತ್ತಾಯ್ತು."

ಮಗ ನನ್ನನ್ನು ನೋಡುವುದು ಬಿಟ್ಟು ಮೇಜಿನ ಮೇಲಿದ್ದ ಆ ಅಂಗಿಯ ಗುಂಡಿಯನ್ನು ನೋಡುತ್ತಿದ್ದ. ಅಧಿಕಾರಿ ಅವನನ್ನು, ಏನಾದರೂ ಹೇಳುವುದಿದೆಯೇ ಅಂತ ಕೇಳಿದರು. "ಇಲ್ಲ ಸರ್" ಅಂದ.

ಹೊರಗೆ ಬೆಂಚಿನ ಹತ್ತಿರ ಮೂರು ಪ್ರತಿ ನನ್ನ ಭುಜ ಅದುಮಿದ. ಗೆದ್ದಿರಿ ಅನ್ನಲು ಬಾಯಿ ತೆರೆದವನು, ಮಗನನ್ನು ನೋಡಿ ಕಾಗದಗಳನ್ನು ಚೀಲಕ್ಕೆ ತುಂಬತೊಡಗಿದ.

ಪತ್ರ ಈ ಸಲ ಆರೇ ವಾರಕ್ಕೆ ಬಂತು. ಮಗಳು ಓದಿ, ಕಣ್ಣೊರೆಸಿಕೊಂಡು, "ಮಂಜೂರಾಗಿದೆ ಅಪ್ಪ, ಅವನ ಜೀವ ಇರೋ ತನಕ" ಅಂದಳು. ಆಸ್ಪತ್ರೆಯ ವಾರ್ಡಿನಲ್ಲಿ ಕೆಲಸ ಮಾಡಿ ಪಳಗಿದ ಒಬ್ಬ ಮನುಷ್ಯ ಸಹಾಯಕನಾಗಿ ಬಂದ. ಒಳ್ಳೆಯವನು, ಮಾತು ಕಡಿಮೆ, ಕೈ ಗಟ್ಟಿ. ಮಗ ಅವನು ಹೇಳಿದ ಹಾಗೆ ಏಳುತ್ತಾನೆ, ಕೂರುತ್ತಾನೆ, ಗಲ್ಲ ಒಡ್ಡುತ್ತಾನೆ. ನನ್ನ ಹತ್ತಿರ ಮೊದಲಿನ ಹಾಗೇ ಮಾತಾಡುತ್ತಾನೆ. ಊಟ ಆಯ್ತಾ ಅಪ್ಪ, ಔಷಧಿ ತಗೊಂಡ್ಯಾ ಅಪ್ಪ. ಐದು ಗಂಟೆಗೆ ಮಾತ್ರ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಾನೆ. ಸಹಾಯಕ ಎರಡು ಸಲ "ಬನ್ನಿ, ನಾಲ್ಕು ರಸ್ತೆ ತನಕ ಹೋಗೋಣ" ಅಂದ. "ನೀವು ಹೋಗ್ಬನ್ನಿ" ಅಂದನಂತೆ.

ಸೈಕಲ್‌ನವನು ಗಡ್ಡಕ್ಕೆ ಬಂದಾಗ, ಮಿಲಿಟ್ರಿ ಯಾಕೆ ಕಾಣಿಸ್ತಿಲ್ಲ ಅಂದ. ನಾನು ಅವನ ಬಾಯಿಯ ಸುತ್ತ ನೊರೆ ಹಚ್ಚಿದೆ. ಅವನಿಗೆ ಮತ್ತೆ ಕೇಳಲಾಗಲಿಲ್ಲ.

ಮೊನ್ನೆ ಮಧ್ಯಾಹ್ನ ಗಿರಾಕಿ ಇರಲಿಲ್ಲ. ಮಗ ತಾನಾಗಿ ಅಂಗಡಿಗೆ ಬಂದು ಬೆಂಚಿನ ಮೇಲೆ ಕೂತ. ಕೇಳಿದ: "ಅಪ್ಪ, ಆ ಸೈಕಲ್‌ನವರಿಗೆ ನನ್ನ ಕೈ ನಿಜವಾಗ್ಲೂ ಬೇಕಿರಲಿಲ್ವಾ?"

"ಇಲ್ಲ ಮಗ."

"ದರ್ಜಿ ಕಾಗದಗಳು?"

"ಖಾಲಿ."

"ಇಸ್ತ್ರಿ ಅಕ್ಕ ನಗ್ತಾ ಮಾತಾಡ್ತಿದ್ರು."

"ಅವಳು ನಗೋದು ನಿಜವಾದ ನಗುವೇ. ನಾನು ನಗು ಅಂತ ಹೇಳಿರಲಿಲ್ಲ."

ಅವನು ಆಮೇಲೆ ಕೇಳಿದ: "ಮತ್ತೆ ಆ ತಾತ? ಅಂಚೆ ಡಬ್ಬಿ ಪಕ್ಕದ ನೀಲಿ ಗೇಟಿನ ಮನೆಯವರು. ದಿನಾ ಗಂಟೆ ಎಷ್ಟಾಯ್ತು ಅಂತ ಕೇಳೋರು. ನಾನು ಹೇಳ್ತಿದ್ದೆ. ಅವರಿಗೂ ನೀನೇ ಹೇಳಿದ್ದಾ?"

ನನಗೆ ಗೊತ್ತೇ ಇರಲಿಲ್ಲ. ಐದು ಗಂಟೆ ಅಂಗಡಿಯಲ್ಲಿ ಗಿರಾಕಿಯ ಹೊತ್ತು, ಆ ಕಡೆಗೆ ನಾನು ಹೋಗುವುದೇ ಅಪರೂಪ. "ಇಲ್ಲ. ಆ ತಾತ ಯಾರು ಅಂತಾನೇ ನಂಗೆ ಗೊತ್ತಿಲ್ಲ. ಅವರು ನಿಜವಾಗಿ ನಿನ್ನ ಹತ್ರಾನೇ ಕೇಳಿದ್ದು."

ಅವನು ನನ್ನ ಮುಖವನ್ನು ಕಣ್ಣಲ್ಲೇ ತಡಕಿದ. ಸಾವಿರ ಸಲ ಅವನ ಮುಖಕ್ಕೆ ನೊರೆ ಹಚ್ಚಿದ್ದೇನೆ, ಅದರ ಒಂದೊಂದು ಗೆರೆಯೂ ನನಗೆ ಗೊತ್ತು. ನಂಬಬೇಕು ಅಂತ ಅವನಿಗೆ ಬಹಳ ಆಸೆಯಿತ್ತು.

"ಆಗಲಿ ಅಪ್ಪ" ಅಂತ ಎದ್ದು ಒಳಗೆ ಹೋದ. ಮಗುವಿನ ಸುಳ್ಳನ್ನು ದೊಡ್ಡವರು ಒಪ್ಪಿಕೊಳ್ಳುವ ಹಾಗೆ ಹೇಳಿದ.

ಮರುದಿನ ಐದಕ್ಕೆ ಅಂಗಡಿಗೆ ಬೀಗ ಹಾಕಿ ನಾಲ್ಕು ರಸ್ತೆಯ ಕಡೆ ನಡೆದೆ. ನೀಲಿ ಗೇಟಿನ ಒಳಗೆ ಬೆತ್ತದ ಕುರ್ಚಿಯಲ್ಲಿ ನನಗಿಂತ ಹತ್ತು ವರ್ಷ ಹಿರಿಯರು ಕೂತಿದ್ದರು. ಕಣ್ಣಿಗೆ ಪೊರೆ ಬಂದಿತ್ತು. ಹೆಜ್ಜೆಯ ಸದ್ದು ಕೇಳಿ "ಗಂಟೆ ಎಷ್ಟಾಯ್ತಪ್ಪ?" ಅಂದರು.

ಹೇಳಿದೆ.

"ನೀವು ಅವರಲ್ಲ" ಅಂದರು. "ದಿನಾ ಒಬ್ಬರು ಬರ್ತಿದ್ರು. ಬೂಟಿನ ಸದ್ದು ಬೇರೆ. ನಿಮಿಷಾನೂ ಸೇರಿಸಿ ಹೇಳೋರು. ಅವರು ಹೇಳಿದ ಮೇಲೇ ನಾನು ಮಾತ್ರೆ ನುಂಗ್ತಿದ್ದೆ. ಎರಡು ತಿಂಗಳಿಂದ ಇಲ್ಲ. ಊರು ಬಿಟ್ರೋ ಏನೋ."

ಗೇಟಿನ ಸರಳು ಹಿಡಿದುಕೊಂಡು ನಿಂತೆ. ಈಗಲೇ ಇವರ ಕೈ ಹಿಡಿದು ಮನೆಗೆ ನಡೆಸಿಕೊಂಡು ಹೋಗಬೇಕು, ಅವನ ಮುಂದೆ ನಿಲ್ಲಿಸಿ ಇದೇ ಮಾತನ್ನು ಹೇಳಿಸಬೇಕು ಅನ್ನಿಸಿತು. ಚಿಲಕಕ್ಕೆ ಕೈ ಹಾಕಿಯೂ ಬಿಟ್ಟಿದ್ದೆ. ಆಮೇಲೆ ತಿಳಿಯಿತು. ನಾನು ಕರೆದುಕೊಂಡು ಹೋದರೆ ಇವರೂ ನಾನು ಕಳಿಸಿದವರೇ ಆಗುತ್ತಾರೆ.

"ಬರ್ತಾರಾ ಅವರು? ನಿಮಗೇನಾದ್ರೂ ಗೊತ್ತಾ?" ಅಂತ ಕೇಳಿದರು ತಾತ.

"ಗೊತ್ತಿಲ್ಲ ಸ್ವಾಮಿ. ಮಾತ್ರೆ ತಗೊಳ್ಳಿ, ಐದೂ ಹನ್ನೆರಡು ಆಯ್ತು" ಅಂದೆ.